ಸಮ್ಮರ್ ಸ್ಕೂಲಿಗೆ ಹೋಗೋದಾ, ಮನೇಲಿ ಕೂತು ಫೈನಲ್ ಇಯರ್ ಪರೀಕ್ಷೆಗೆ ಓದೋದಾ?

"ಸಮ್ಮರ್ ಸ್ಕೂಲಿಗೆ ಸೆಲೆಕ್ಟ್ ಆಗಿದೀನಿ ಮೇಡಂ, ಆದ್ರೆ ಆರನೇ ಸೆಮ್ ಪರೀಕ್ಷೆ ಇದೆ. ಹೋಗ್ಲಾ, ಬೇಡ್ವಾ?"

ಹಾಸನದಲ್ಲಿ ಬಿಎಸ್ಸಿ ಮಕ್ಕಳಿಗೆ ಗಣಿತ ಪಾಠ ಮಾಡುವ ನನಗೆ ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಸಮ್ಮರ್ ಸ್ಕೂಲ್ ಅಂದರೆ ಡಿಗ್ರಿ ಮಕ್ಕಳನ್ನು ಆಯ್ಕೆ ಮಾಡಿ, ಬೇಸಿಗೆಯಲ್ಲಿ ಕೆಲವು ವಾರ ಒಂದು ಕಡೆ ಇರಿಸಿಕೊಂಡು ಪಾಠ ಮಾಡುವ ಶಿಬಿರ. ಹೋಗಬೇಕಾದವರು ಭಯಪಟ್ಟು ಮನೆಯಲ್ಲೇ ಉಳಿದದ್ದನ್ನು ನೋಡಿದ್ದೇನೆ. ಹೋಗಬಾರದ ಹೊತ್ತಿನಲ್ಲಿ ಹೋಗಿ ಒಂದು ಪೇಪರ್ ಬಾಕಿ ಉಳಿಸಿಕೊಂಡವರನ್ನೂ ನೋಡಿದ್ದೇನೆ. ಎರಡೂ ನೋಡಿ ಬೇಜಾರಾಗುತ್ತದೆ, ಯಾಕೆಂದರೆ ಎರಡು ಕಡೆಯೂ ಮಕ್ಕಳು ಜಾಣರೇ, ಯಾರೂ ಅವರ ಜೊತೆ ಕೂತು ದಿನ ಲೆಕ್ಕ ಹಾಕಿರಲಿಲ್ಲ ಅಷ್ಟೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು ಕಡೆಯ ಡಿಗ್ರಿ ಮಕ್ಕಳು, ಅದರಲ್ಲೂ ಸೈನ್ಸ್ ಓದುವವರು ನನ್ನ ಮನಸ್ಸಿನಲ್ಲಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡನೇ ವರ್ಷದ ಕೊನೆಯ ಬೇಸಿಗೆಯಾದರೆ ಹೋಗಿ, ಜಾಸ್ತಿ ಯೋಚನೆ ಬೇಡ. ಕೊನೆಯ ವರ್ಷದ ಬೇಸಿಗೆಯಾದರೆ ಎರಡು ವಿಷಯ ನೋಡಿ. ಹಳೆಯ ಬಾಕಿ ಪೇಪರ್ ಒಂದೂ ಇರಬಾರದು. ಸ್ಕೂಲ್ ಮುಗಿಸಿ ಊರಿಗೆ ಬಂದ ದಿನಕ್ಕೂ ಮೊದಲ ಪರೀಕ್ಷೆಗೂ ನಡುವೆ ಮೂರು ವಾರವಾದರೂ ಸಿಗಬೇಕು. ಇವೆರಡೂ ಇದ್ದು, ಮುಂದೆ ಎಂಎಸ್ಸಿ ಅಥವಾ ರಿಸರ್ಚ್ ಅಂತ ಮನಸ್ಸಿದ್ದರೆ, ಎರಡು ಮೂರು ಪರ್ಸೆಂಟ್ ಕಡಿಮೆಯಾದೀತು ಅನ್ನೋ ಭಯಕ್ಕೆ ಅವಕಾಶ ಬಿಡಬೇಡಿ.

ಮೊದಲು ದಿನ ಎಣಿಸಿ

ಸಮ್ಮರ್ ಸ್ಕೂಲುಗಳನ್ನು ಇಡೀ ದೇಶದ ಮಕ್ಕಳಿಗೆ ಅಂತ ಇಡುತ್ತಾರೆ, ಸಾಮಾನ್ಯವಾಗಿ ಮೇ, ಜೂನ್‌ನಲ್ಲಿ. ಬಹಳ ರಾಜ್ಯಗಳಲ್ಲಿ ಅಷ್ಟರೊಳಗೆ ಪರೀಕ್ಷೆ ಮುಗಿದಿರುತ್ತದೆ. ನಮ್ಮಲ್ಲಿ ಹಾಗಲ್ಲ. ಸಮ ಸಂಖ್ಯೆಯ ಸೆಮಿಸ್ಟರ್‌ಗಳ ಪರೀಕ್ಷೆ ಒಂದು ವರ್ಷ ಬೇಗ, ಒಂದು ವರ್ಷ ತಡ, ಹೀಗೆ ಜಾರುತ್ತಲೇ ಇರುತ್ತದೆ. ಜೊತೆಗೆ ನಮ್ಮ ಕಡೆ ಎಲ್ಲರದೂ ಒಂದೇ ವಿಶ್ವವಿದ್ಯಾಲಯವೂ ಅಲ್ಲ. ಚಿಕ್ಕಮಗಳೂರಿನ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿವೆ. ಹಾಸನದವು ಮೊದಲೆಲ್ಲ ಮೈಸೂರಿಗೆ ಸೇರಿದ್ದವು, 2023ರಲ್ಲಿ ಹಾಸನಕ್ಕೇ ಬೇರೆ ವಿಶ್ವವಿದ್ಯಾಲಯ ಆಯಿತು. ಹಾಗಾಗಿ ಚಿಕ್ಕಮಗಳೂರಿನ ಗೆಳತಿಗೆ ಹೊಂದುವ ದಿನ ಹಾಸನದ ನಿಮಗೆ ಹೊಂದಬೇಕು ಅಂತೇನೂ ಇಲ್ಲ.

ಹಿಂದಿನ ಬ್ಯಾಚಿನವರ ಮಾತನ್ನೂ ಪೂರ್ತಿ ನಂಬಬೇಡಿ. 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಪದವಿ ಅಂದರು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಆ ವರ್ಷ ಸೇರಿದವರು ಆರನೇ ಸೆಮ್ ಬರೆಯೋದು 2027ರಲ್ಲಿ. ನಡುವೆ ಸಿಲಬಸ್ಸೂ ಬದಲಾಗಿದೆ, ಪ್ರಶ್ನೆಪತ್ರಿಕೆಯ ಮಾದರಿಯೂ ಬದಲಾಗಿದೆ. "ಅಣ್ಣ ಹೋದಾಗ ಏನೂ ತೊಂದರೆ ಆಗಲಿಲ್ಲ" ಅನ್ನೋದು ಅಣ್ಣನ ವರ್ಷದ ಕಥೆ.

ಒಂದು ಕ್ಯಾಲೆಂಡರ್ ತೆಗೆದುಕೊಂಡು ಪೆನ್ನಿನಲ್ಲಿ ಗುರುತು ಹಾಕಿ. ಥಿಯರಿ ಪರೀಕ್ಷೆಯ ದಿನ ಮಾತ್ರ ಗುರುತು ಮಾಡಿ ನಿಲ್ಲಿಸಬೇಡಿ. ಎಲ್ಲರೂ ಎಡವೋದು ಅಲ್ಲೇ. ಪ್ರಾಕ್ಟಿಕಲ್ ಸಾಮಾನ್ಯವಾಗಿ ಥಿಯರಿಗಿಂತ ಮೊದಲೇ ಬರುತ್ತದೆ. ಅದಕ್ಕೂ ಮೊದಲು ಕೊನೆಯ ಇಂಟರ್ನಲ್ ಟೆಸ್ಟ್, ರೆಕಾರ್ಡ್ ಸಬ್ಮಿಷನ್, ಪ್ರಾಜೆಕ್ಟ್ ಇದ್ದರೆ ವೈವಾ. ಹಾಜರಾತಿ ಶೇಕಡಾ 75 ಬೇಕೇ ಬೇಕು, ಅದಕ್ಕಿಂತ ಕೆಳಗೆ ಹೋದರೆ ಹಾಲ್ ಟಿಕೆಟ್ಟಿಗೆ ತೊಂದರೆ. ಜುಲೈನಲ್ಲಿ ತಾನೆ ಪರೀಕ್ಷೆ ಅಂತ ಮೇ ತಿಂಗಳು ಹೊರಟವರಿಗೆ ಜೂನ್ ಮೊದಲ ವಾರದ ಕೆಮಿಸ್ಟ್ರಿ ಪ್ರಾಕ್ಟಿಕಲ್ ಕಾಣಿಸಿರುವುದಿಲ್ಲ. ಪ್ರಾಕ್ಟಿಕಲ್ ತಪ್ಪಿದರೆ ಅದನ್ನು ಇನ್ನೊಂದು ದಿನ ಇಡಿ ಅಂತ ಕೇಳೋದು ಸುಲಭ ಅಲ್ಲ, ಹೊರಗಿನ ಪರೀಕ್ಷಕರು ಬರಬೇಕಿರುತ್ತದೆ.

ವೇಳಾಪಟ್ಟಿ ಇನ್ನೂ ಬಂದಿಲ್ಲ ಅಂದರೆ? ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೇಳಿ. ಅವರಿಗೆ ಒಂದು ಅಂದಾಜು ಇರುತ್ತದೆ. ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿಯಲ್ಲಿ ಸೆಮಿಸ್ಟರಿನ ಕೊನೆಯ ದಿನ ಇರುತ್ತದೆ, ಅದರ ನಂತರ ಪ್ರಾಕ್ಟಿಕಲ್, ಆಮೇಲೆ ಥಿಯರಿ ಅಂತ ಲೆಕ್ಕ ಹಾಕಬಹುದು. ಸಮ್ಮರ್ ಸ್ಕೂಲಿನವರಿಗೂ ಒಂದು ಮೇಲ್ ಹಾಕಿ, "ನಮ್ಮ ಪರೀಕ್ಷೆ ಈ ನಡುವೆ ಬಂದರೆ ಎರಡು ದಿನ ಬಿಡುತ್ತೀರಾ" ಅಂತ ನೇರವಾಗಿ ಕೇಳಿ. ಕೆಲವರು ಒಪ್ಪುತ್ತಾರೆ, ಪೂರ್ತಿ ಇರಲೇಬೇಕು ಅನ್ನುವವರೂ ಇದ್ದಾರೆ. ಕೇಳದೆ ಹೋಗಿ ನಡುವೆ ಬಿಟ್ಟು ಬಂದರೆ ಮಾತ್ರ ಇನ್ನೊಂದು ಮಗುವಿಗೆ ಸಿಗಬೇಕಿದ್ದ ಸೀಟು ಹಾಳಾಗುತ್ತದೆ.

ಮನೆಯಲ್ಲಿ ಇದ್ದರೆ ನಿಜವಾಗಿ ಎಷ್ಟು ಓದುತ್ತೀರಿ?

ಸಮ್ಮರ್ ಸ್ಕೂಲನ್ನು ಯಾವುದರ ಜೊತೆ ಹೋಲಿಸುತ್ತೀರಿ ಅನ್ನೋದು ಮುಖ್ಯ. ಮಕ್ಕಳ ತಲೆಯಲ್ಲಿ ಇರೋ ಚಿತ್ರ ಹೀಗೆ: ಮನೆಯಲ್ಲಿದ್ದರೆ ಬೆಳಿಗ್ಗೆ ಐದಕ್ಕೆ ಎದ್ದು, ದಿನಕ್ಕೆ ಎಂಟು ಗಂಟೆ ಓದಿ, ಎಲ್ಲ ಪೇಪರ್ ಎರಡು ಸಲ ರಿವಿಷನ್. ಅಂಥ ಮನೆ ನಿಮ್ಮದಾಗಿದ್ದರೆ ಒಳ್ಳೆಯದೇ. ಆದರೆ ನಮ್ಮ ಕಡೆಯ ಮೇ ತಿಂಗಳು ಹೇಗಿರುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ಹಾಸನದ ಸುತ್ತಮುತ್ತಲ ಹಳ್ಳಿಯಾದರೆ ಆಗ ಆಲೂಗಡ್ಡೆ ಬಿತ್ತನೆ. ಎಪಿಎಂಸಿಗೆ ಜಲಂಧರದ ಬಿತ್ತನೆ ಗಡ್ಡೆ ಬಂದಿರುತ್ತದೆ, ಅಪ್ಪ ಮೂಟೆ ತರಲು ಹೋಗಿರುತ್ತಾರೆ, ಒಂದು ಹದ ಮಳೆ ಬಿತ್ತೆಂದರೆ ಮನೆಯವರೆಲ್ಲ ಹೊಲದಲ್ಲಿ. ಗಡ್ಡೆ ಕತ್ತರಿಸೋಕೆ, ಸಾಲಿಗೆ ಇಡೋಕೆ ಕೈ ಸಾಲದಿದ್ದಾಗ, ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುವ ಮಗನನ್ನೋ ಮಗಳನ್ನೋ ಕರೆಯದೆ ಇರುತ್ತಾರಾ? ಕರೆಯದಿದ್ದರೂ ನಿಮಗೇ ಕೂರಲು ಮನಸ್ಸಾಗುವುದಿಲ್ಲ. ಶುಂಠಿ ಹಾಕಿದವರ ಮನೆಯಲ್ಲೂ ಇದೇ ಪಾಡು. ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಕೆಲಸ ಆಗ ಅಷ್ಟು ಬಿರುಸಿಲ್ಲದಿದ್ದರೂ ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ. ಇದರ ಮೇಲೆ ಮದುವೆಗಳು, ಗೃಹಪ್ರವೇಶಗಳು, ಊರ ಜಾತ್ರೆ, ರಜಕ್ಕೆ ಬಂದ ಅಕ್ಕನ ಮಕ್ಕಳು. ಹೆಣ್ಣುಮಕ್ಕಳಿಗಂತೂ ಮನೆ ತುಂಬ ನೆಂಟರಿದ್ದಾಗ ಓದೋಕೆ ಸಿಗೋದು ರಾತ್ರಿ ಹತ್ತರ ಮೇಲೆ.

ಹಾಗಾಗಿ ಕಳೆದ ವರ್ಷದ ಮೇ ತಿಂಗಳು ನೆನಪಿಸಿಕೊಳ್ಳಿ. ನಿಜವಾಗಿ ಕೂತು ಓದಿದ್ದು ಎಷ್ಟು ದಿನ? ಹತ್ತು ದಿನ ಅಂತಾದರೆ, ನಾಲ್ಕು ವಾರದ ಸ್ಕೂಲಿಗೆ ಹೋದರೆ ನೀವು ಕಳೆದುಕೊಳ್ಳೋದು ಆ ಹತ್ತು ದಿನವನ್ನು, ನಾಲ್ಕು ವಾರವನ್ನಲ್ಲ. ಇದೊಂದು ಲೆಕ್ಕ ಹಾಕಿದ ಮೇಲೆ ಎಷ್ಟೋ ಮಕ್ಕಳ ಮುಖ ಹಗುರಾದದ್ದನ್ನು ನೋಡಿದ್ದೇನೆ.

ಅದರ ಬದಲು ನಿಮ್ಮದು ಪೇಟೆಯ ಹಾಸ್ಟೆಲ್, ಊಟ ತಿಂಡಿ ಚಿಂತೆ ಇಲ್ಲ, ಜೊತೆಗೆ ಓದುವ ಗೆಳೆಯರಿದ್ದಾರೆ, ಲೈಬ್ರರಿ ಹತ್ತಿರ ಇದೆ ಅಂತಾದರೆ ಮನೆಯ ಕಡೆ, ಅಂದರೆ ಪರೀಕ್ಷೆಯ ಕಡೆ, ತೂಕ ನಿಜಕ್ಕೂ ಜಾಸ್ತಿ.

ಸ್ಕೂಲಿನಲ್ಲಿ ಸಿಗೋದೇನು

ಗಣಿತದಲ್ಲಿ ನಾನು ಮಕ್ಕಳನ್ನು ಮೊದಲು ಕಳಿಸಲು ನೋಡೋದು ಎಂಟಿಟಿಎಸ್‌ಗೆ, ಅಂದರೆ ಮ್ಯಾಥಮ್ಯಾಟಿಕ್ಸ್ ಟ್ರೇನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್ ಅನ್ನೋ ಸಮ್ಮರ್ ಸ್ಕೂಲಿಗೆ. 1993ರಲ್ಲಿ ಪ್ರೊಫೆಸರ್ ಎಸ್. ಕುಮರೇಶನ್ ಶುರು ಮಾಡಿದ್ದು, ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಹಣದಿಂದ ನಡೆದುಕೊಂಡು ಬಂದದ್ದು. ನಾಲ್ಕು ವಾರ ಅಲ್ಲೇ ಇರಬೇಕು. ಓದುತ್ತಿರುವ ವರ್ಷಕ್ಕೆ ತಕ್ಕಂತೆ ಬೇರೆ ಬೇರೆ ಹಂತ ಇದೆ. ಅಲ್ಲಿ ನೋಟ್ಸ್ ಡಿಕ್ಟೇಟ್ ಮಾಡೋದಿಲ್ಲ. ಮಕ್ಕಳನ್ನು ಕೇಳುತ್ತಾರೆ, ಮಕ್ಕಳಿಂದಲೇ ಹೇಳಿಸುತ್ತಾರೆ.

ಅರಸೀಕೆರೆ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಇಂಥದೊಂದು ಸ್ಕೂಲಿಗೆ ಹೋಗಿ ಬಂದು ಹೇಳಿದ್ದು ಇದು. ಮೊದಲ ವಾರ, ಸೀಕ್ವೆನ್ಸ್, ಅಂದರೆ ಸಂಖ್ಯೆಗಳ ಸಾಲಿನ ಪಾಠ. ಒಂದು ಸೀಕ್ವೆನ್ಸಿನ ಲಿಮಿಟ್ ಅಂದರೆ ಏನು ಅಂತ ಕೇಳಿದರಂತೆ. ಇವಳು ಎದ್ದು ಎಪ್ಸಿಲಾನ್ ಸಹಿತ ಡೆಫಿನಿಷನ್ ಗಡಗಡ ಒಪ್ಪಿಸಿದಳು, ನಮ್ಮಲ್ಲಿ ಅದಕ್ಕೆ ಪೂರ್ತಿ ಮಾರ್ಕ್ಸ್. ಸರಿ, ಅದರ ಅರ್ಥ ಹೇಳು ಅಂದರು. "ಹತ್ತಿರ ಹತ್ತಿರ ಹೋಗುತ್ತೆ" ಅಂದಳು. ಅವರು ಬೋರ್ಡಿನ ಮೇಲೆ ಒಂದು, ಎರಡನೇ ಒಂದು, ಮೂರನೇ ಒಂದು, ನಾಲ್ಕನೇ ಒಂದು ಅಂತ ಬರೆದರು. ಇದು ಸೊನ್ನೆಗೆ ಹತ್ತಿರ ಹೋಗುತ್ತಿದೆ, ಒಪ್ಪಿದೆ. ಮೈನಸ್ ಒಂದಕ್ಕೂ ಹತ್ತಿರ ಹೋಗುತ್ತಿದೆ ತಾನೆ? ಮೊದಲು ಎರಡರಷ್ಟು ದೂರ ಇತ್ತು, ಆಮೇಲೆ ಒಂದೂವರೆ, ಆಮೇಲೆ ಇನ್ನೂ ಕಡಿಮೆ, ಪ್ರತಿ ಹೆಜ್ಜೆಗೂ ದೂರ ಕಮ್ಮಿ ಆಗ್ತಾನೇ ಇದೆ. ಹಾಗಾದರೆ ಮೈನಸ್ ಒಂದೂ ಇದರ ಲಿಮಿಟ್ಟೇ?

ಇಡೀ ಕ್ಲಾಸ್ ಸುಮ್ಮನಾಯಿತಂತೆ. ಅಲ್ಲ ಅಂತ ಎಲ್ಲರಿಗೂ ಗೊತ್ತು. ಯಾಕೆ ಅಲ್ಲ ಅಂತ ಹೇಳೋಕೆ ಯಾರಿಗೂ ಬರಲಿಲ್ಲ. ಹತ್ತಿರ ಹೋದರೆ ಸಾಲದು, ಎಷ್ಟು ಹತ್ತಿರ ಬೇಕು ಅಂತ ನೀವು ಕೇಳುತ್ತೀರೋ ಅಷ್ಟು ಹತ್ತಿರ ಬಂದು, ಆಮೇಲೆ ಅಲ್ಲೇ ಇರಬೇಕು, ಎಪ್ಸಿಲಾನ್ ಅಲ್ಲಿ ಬಂದಿರೋದು ಅದಕ್ಕೇ, ಅನ್ನೋದನ್ನು ಮಕ್ಕಳೇ ಒಬ್ಬರ ಮಾತಿಗೆ ಒಬ್ಬರು ಸೇರಿಸಿ ಹೇಳುವ ಹೊತ್ತಿಗೆ ಊಟದ ಬೆಲ್ ಆಗಿತ್ತಂತೆ. ಒಂದು ಡೆಫಿನಿಷನ್‌ಗೆ ಅರ್ಧ ದಿನ! ನಮ್ಮ ಕಾಲೇಜುಗಳಲ್ಲಿ ಸಿಲಬಸ್ ಮುಗಿಸುವ ಓಟದಲ್ಲಿ ನಾನು ಅದಕ್ಕೆ ಹತ್ತು ನಿಮಿಷ ಕೊಟ್ಟರೆ ಹೆಚ್ಚು. ಆ ಹುಡುಗಿ ವಾಪಸ್ ಬಂದ ಮೇಲೆ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳೇ ಬದಲಾದವು, ನನಗೂ ಪಾಠಕ್ಕೆ ಇನ್ನಷ್ಟು ಓದಿಕೊಂಡು ಹೋಗಬೇಕಾಯಿತು. ಅದು ನನಗೆ ತುಂಬ ಸಂತೋಷದ ವಿಷಯ.

ಸ್ಕೂಲಿನಲ್ಲಿ ಸಿಗೋದು ಇದು. ಜೊತೆಗೆ ಬೇರೆ ಬೇರೆ ರಾಜ್ಯದ, ನಿಮ್ಮಷ್ಟೇ ಆಸಕ್ತಿ ಇರುವ ಮಕ್ಕಳ ಸಂಗ. ಊರಿನಲ್ಲಿ "ಬಿಎಸ್ಸಿ ಮಾಡಿ ಏನ್ ಮಾಡ್ತೀಯ" ಅಂತ ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾದವರಿಗೆ, ಬಿಎಸ್ಸಿಯನ್ನೇ ಆಸೆಪಟ್ಟು ಓದುತ್ತಿರುವ ಇಷ್ಟೊಂದು ಮಂದಿಯನ್ನು ಒಟ್ಟಿಗೆ ನೋಡೋದೇ ದೊಡ್ಡ ಧೈರ್ಯ.

ಇಂಗ್ಲಿಷ್ ಭಯ ಇರುತ್ತದೆ, ಗೊತ್ತು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯೋದು ಇದೇ ಕಾರಣಕ್ಕೆ. ನಿಮಗೆ ಪುಸ್ತಕದ ಇಂಗ್ಲಿಷ್ ಅರ್ಥ ಆಗುತ್ತಿದೆ ಅಂದರೆ ಸಾಕು. ಬಂದಿರುವ ಬಿಹಾರದವರಿಗೆ, ತಮಿಳುನಾಡಿನ ಹಳ್ಳಿಯವರಿಗೆ ಕೂಡ ಅದೇ ಕಷ್ಟ. ಗಣಿತ ಸರಿ ಇದ್ದರೆ ವ್ಯಾಕರಣ ಯಾರೂ ನೋಡುವುದಿಲ್ಲ, ಹೋಗಿ ಬಂದವರೆಲ್ಲ ಹೇಳೋದು ಇದನ್ನೇ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಅಲ್ಲಿ ಕಲಿತದ್ದು ಆರನೇ ಸೆಮ್ ಪರೀಕ್ಷೆಯಲ್ಲಿ ಹಾಗೇ ಮಾರ್ಕ್ಸ್ ಆಗಿ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನಮ್ಮ ಪರೀಕ್ಷೆ ಕೇಳೋದು ಬೇರೆ. ಗೊತ್ತಿರುವ ಥಿಯರಮ್ಮನ್ನು ಗೊತ್ತಿರುವ ಕ್ರಮದಲ್ಲಿ, ಸಮಯಕ್ಕೆ ಸರಿಯಾಗಿ, ಓದುವಂತೆ ಬರೆಯೋದು. ಅದಕ್ಕೆ ಬೇಕಾಗಿರೋದು ಹಳೆಯ ಪ್ರಶ್ನೆಪತ್ರಿಕೆ, ಬರೆದು ಬರೆದು ಅಭ್ಯಾಸ, ಮತ್ತೆ ಅದೇ ಅಭ್ಯಾಸ. ಇದನ್ನು ನಾನು ಕೀಳು ಅನ್ನುವುದಿಲ್ಲ, ಅದೂ ಒಂದು ಕೆಲಸ, ಅದಕ್ಕೂ ದಿನ ಬೇಕು. ಸ್ಕೂಲಿಗೆ ಹೋಗುವಾಗ ಪರೀಕ್ಷೆ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಹೋಗಿ ರಾತ್ರಿ ಓದುತ್ತೇನೆ ಅನ್ನುವವರಿದ್ದಾರೆ. ಆಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಾಸು, ರಾತ್ರಿ ಮರುದಿನದ ಪ್ರಾಬ್ಲಂಗಳು. ಹಾಗಾಗಿಯೇ ನಾನು ಆ ಮೂರು ವಾರದ ಅಂತರ ಬೇಕೇ ಬೇಕು ಅನ್ನೋದು.

ಯಾರು ಯಾವುದನ್ನು ಆರಿಸಿಕೊಳ್ಳಬೇಕು

ಬಾಕಿ ಪೇಪರ್ ಇರುವವರು ಮನೆಯಲ್ಲೇ ಇರಿ. ಇದರಲ್ಲಿ ಎರಡು ಮಾತಿಲ್ಲ. ಐದನೇ ಸೆಮ್‌ನ ಒಂದು ಪೇಪರ್ ಉಳಿದಿದ್ದರೂ ಪದವಿ ಮುಗಿದಂತಲ್ಲ, ಅದನ್ನು ಯಾವಾಗ ಬರೆಯಲು ಬಿಡುತ್ತಾರೆ ಅಂತ ಆಫೀಸಿನಲ್ಲಿ ಕೇಳಿ ತಿಳಿದುಕೊಂಡು ಮೊದಲು ಅದನ್ನು ಮುಗಿಸಿ. ಇದೊಂದೇ ಪೇಪರಿಗಾಗಿ ಎಂಎಸ್ಸಿ ಸೀಟು ಒಂದು ವರ್ಷ ಮುಂದೆ ಹೋದದ್ದು ನಮ್ಮ ಕಣ್ಣೆದುರೇ ನಡೆಯುತ್ತಿರುತ್ತದೆ.

ಬಿಎಡ್ ಮಾಡಿ ಟೀಚರ್ ಆಗಬೇಕು ಅನ್ನುವವರಿಗೂ ನಾನು ಹೇಳೋದು ಪರೀಕ್ಷೆ ಕಡೆಗೇ. ಬಿಎಡ್‌ಗೆ ಸೇರಲು ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 50 ಬೇಕು, ಸೀಟು ಹಂಚುವಾಗ ಪದವಿ ಅಂಕ ನೋಡುತ್ತಾರೆ, ಮುಂದೆ ಶಿಕ್ಷಕರ ನೇಮಕಾತಿಯಲ್ಲೂ ಪದವಿ ಅಂಕಕ್ಕೆ ಒಂದು ಪಾಲು ಇದೆ. ಇಲ್ಲಿ ಒಂದೊಂದು ಅಂಕವೂ ಜೀವನಪೂರ್ತಿ ಜೊತೆಗೆ ಬರುತ್ತದೆ. ಬ್ಯಾಂಕ್, ಕೆಪಿಎಸ್ಸಿ ಅಂತ ಹೊರಟವರ ಕಥೆ ಬೇರೆ. ಅವರಿಗೆ ಪದವಿ ಪಾಸಾಗಿದ್ದರೆ ಆಯಿತು, ಆದರೆ ಅವರಿಗೆ ಸಮ್ಮರ್ ಸ್ಕೂಲಿನಿಂದಲೂ ಅಂಥ ಉಪಯೋಗ ಇಲ್ಲ.

ಎಂಎಸ್ಸಿ, ರಿಸರ್ಚ್ ಅನ್ನುವವರಿಗೆ ಲೆಕ್ಕ ತಲೆಕೆಳಗಾಗುತ್ತದೆ. ಐಐಟಿಗಳ ಎಂಎಸ್ಸಿಗೆ, ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಇದೆ. ಫೆಬ್ರವರಿಯಲ್ಲಿ ನಡೆಯುತ್ತದೆ, ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ ಗಟ್ಟುಹೊಡೆದ ಥಿಯರಮ್ ಉಪಯೋಗಕ್ಕೆ ಬರುವುದಿಲ್ಲ, ಮೇಲೆ ಹೇಳಿದ ಮೈನಸ್ ಒಂದರ ಪ್ರಶ್ನೆಯಂಥ ಯೋಚನೆ ಬರಬೇಕು. ಗಮನಿಸಿ, ಫೆಬ್ರವರಿ ಅಂದರೆ ಕೊನೆಯ ಬೇಸಿಗೆಗಿಂತ ಮೊದಲೇ. ಅಂದರೆ ಜಾಮ್‌ಗೆ ಅಂತ ಸಮ್ಮರ್ ಸ್ಕೂಲಿಗೆ ಹೋಗೋದಾದರೆ ಆರನೇ ಸೆಮ್ ಬೇಸಿಗೆಯಲ್ಲಿ ಹೋಗೋದು ತಡವಾಯಿತು, ನಾಲ್ಕನೇ ಸೆಮ್ ಬೇಸಿಗೆಯಲ್ಲೇ ಹೋಗಬೇಕಿತ್ತು. ಕೊನೆಯ ಬೇಸಿಗೆಯಲ್ಲಿ ಹೋಗೋದು ಎಂಎಸ್ಸಿ ಕ್ಲಾಸಿಗೆ ತಯಾರಾಗಿ ಕೂರೋದಕ್ಕೆ. ಅದೂ ಕಡಿಮೆ ಲಾಭ ಅಲ್ಲ. ನಮ್ಮ ಕಡೆಯಿಂದ ದೊಡ್ಡ ಸಂಸ್ಥೆಗೆ ಹೋದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಒದ್ದಾಡೋದು ಹೆಚ್ಚಾಗಿ ಆ ಪಾಠದ ರೀತಿಗೆ ಒಗ್ಗಿಕೊಳ್ಳಲು. ಹಾಗಂತ ಸೀಟು ಕೈಯಲ್ಲಿದೆ ಅಂತ ಆರನೇ ಸೆಮ್ ಕೈಬಿಡಬೇಡಿ. ಫಲಿತಾಂಶಕ್ಕೆ ಮೊದಲೇ ಸೇರಿಸಿಕೊಂಡರೂ ಇಂತಿಷ್ಟು ದಿನದೊಳಗೆ ಅಂಕಪಟ್ಟಿ ತಂದು ಕೊಡಿ ಅನ್ನುತ್ತಾರೆ.

ರಾಜ್ಯದ ವಿಶ್ವವಿದ್ಯಾಲಯದಲ್ಲೇ ಎಂಎಸ್ಸಿ ಮಾಡುವವರು ನಡುವಿನಲ್ಲಿದ್ದಾರೆ. ಪದವಿ ಅಂಕ ಲೆಕ್ಕಕ್ಕೆ ಬರುತ್ತದೆ. ಐದು ಸೆಮಿಸ್ಟರ್ ಅಂಕ ಈಗಾಗಲೇ ಚೆನ್ನಾಗಿದ್ದರೆ ಆರನೆಯದರಲ್ಲಿ ಸ್ವಲ್ಪ ಇಳಿದರೂ ಒಟ್ಟು ಅಂಕ ಜಾಸ್ತಿ ಅಲುಗಾಡುವುದಿಲ್ಲ, ಆರರಲ್ಲಿ ಒಂದು ಪಾಲು ತಾನೆ. ಐದು ಸೆಮಿಸ್ಟರೂ ಅಷ್ಟಕ್ಕಷ್ಟೆ ಆಗಿದ್ದರೆ ಆರನೆಯದನ್ನು ಬಿಟ್ಟುಕೊಡಬೇಡಿ.

ಇಂಜಿನಿಯರಿಂಗ್ ಮಕ್ಕಳಿಗೆ ಇಷ್ಟು ತಲೆನೋವಿಲ್ಲ. ವಿಟಿಯುನ ಈಗಿನ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಎಂಟನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ಪೇ ದೊಡ್ಡ ಪಾಲು. ಗೈಡ್ ಜೊತೆ ಮಾತಾಡಿ.

ನಡುವಿನ ದಾರಿಗಳೂ ಇವೆ

ನಾಲ್ಕು ವಾರ ಆಗದಿದ್ದರೆ ಒಂದು ವಾರದ್ದು ನೋಡಿ. ಮಿನಿ ಎಂಟಿಟಿಎಸ್ ಅಂತ ಕಾಲೇಜುಗಳಲ್ಲೇ ನಡೆಸುವ ಚಿಕ್ಕ ಶಿಬಿರಗಳಿವೆ. ಒಂದು ವಾರ ಹೋಗಿ ಬಂದರೆ ಪರೀಕ್ಷೆಗೆ ಅಂಥ ಪೆಟ್ಟೇನೂ ಬೀಳುವುದಿಲ್ಲ, ಪಾಠದ ರುಚಿ ಸಿಗುತ್ತದೆ. ಕೊನೆಯ ವರ್ಷದಲ್ಲಿರುವ, ದಿನ ಸಾಲದ ಮಕ್ಕಳಿಗೆ ನಾನು ಹೆಚ್ಚಾಗಿ ಹೇಳೋದು ಇದನ್ನೇ.

ಆನ್‌ಲೈನ್ ಅಂದರೆ ಎನ್‌ಪಿಟಿಇಎಲ್. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವುದು. 4, 8, 12 ವಾರದ ಕೋರ್ಸುಗಳು, ಕಲಿಯೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಫೀಸು ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಐಸಿಟಿಎಸ್ ಅನ್ನೋ ಸಂಶೋಧನಾ ಸಂಸ್ಥೆ ತನ್ನ ಉಪನ್ಯಾಸಗಳನ್ನು ಯೂಟ್ಯೂಬಿಗೆ ಹಾಕುತ್ತದೆ. ಪಾಠ ಚೆನ್ನಾಗಿದೆ. ಆದರೆ ಇದನ್ನು ಸ್ಕೂಲಿನ ಬದಲಿಗೆ ಅಂತ ನೋಡಬೇಡಿ. ಮೊಬೈಲ್ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ "ಮೈನಸ್ ಒಂದು ಯಾಕೆ ಅಲ್ಲ" ಅಂತ ಕೇಳುವುದಿಲ್ಲ.

ಲ್ಯಾಬ್ ಸೇರುವ ಫೆಲೋಶಿಪ್‌ಗಳು ಬೇರೆಯೇ ಜಾತಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ್ದು, ಇಂಥವು ಎರಡು ತಿಂಗಳು. ಒಬ್ಬ ವಿಜ್ಞಾನಿಯ ಜೊತೆ ಒಂದೇ ಕೆಲಸ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಆದರೆ ಆರನೇ ಸೆಮ್ ಪರೀಕ್ಷೆ ಜೊತೆ ಎರಡು ತಿಂಗಳು ಹೊಂದಿಸೋದು ಆಗದ ಮಾತು. ಅರ್ಹತೆಯ ಪಟ್ಟಿಯಲ್ಲಿ ಯಾವ ವರ್ಷದವರು ಅಂತ ಬರೆದಿರುತ್ತಾರೆ, ಅದನ್ನೂ ಸರಿಯಾಗಿ ಓದಿ. ಇವಕ್ಕೆ ಎರಡನೇ ವರ್ಷದಲ್ಲೇ ಹಾಕಬೇಕು.

ಇನ್ನೊಂದು ಬಗೆ ಇದೆ, ದೂರ ಇರಿ ಅಂತ ಹೇಳೋದಕ್ಕೇ ಬರೆಯುತ್ತಿದ್ದೇನೆ. "ಸಮ್ಮರ್ ಸ್ಕೂಲ್, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಸಹಿತ, ಇಂದೇ ದುಡ್ಡು ಕಟ್ಟಿ" ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು. ಒಳ್ಳೆಯ ಸ್ಕೂಲುಗಳು ಆಯ್ಕೆ ಮಾಡಿಕೊಳ್ಳುತ್ತವೆ, ಪಾಠ ಮಾಡುವವರ ಹೆಸರು, ಏನು ಪಾಠ ಅನ್ನೋದನ್ನು ಮೊದಲೇ ಹಾಕಿರುತ್ತವೆ, ಊಟ ವಸತಿಯನ್ನು ಎಷ್ಟೋ ಕಡೆ ಅವರೇ ನೋಡಿಕೊಳ್ಳುತ್ತಾರೆ. ಪಾಠ ಮಾಡೋದು ಯಾರು ಅಂತಲೇ ಹೇಳದೆ ದುಡ್ಡು ಕೇಳಿದರೆ ಅಲ್ಲಿಗೆ ಪರೀಕ್ಷೆ ಬಿಟ್ಟು ಹೋಗುವ ಮಾತೇ ಬೇಡ.

ಮನೆಯವರಿಗೆ ಹೇಗೆ ಹೇಳೋದು

ಅಪ್ಪ ಅಮ್ಮ ಬೇಡ ಅನ್ನೋದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, "ಪರೀಕ್ಷೆ ಮುಗೀಲಿ ಮೊದ್ಲು". ಇದಕ್ಕೆ ಪೆನ್ನಿನಲ್ಲಿ ಗುರುತು ಹಾಕಿದ ಆ ಕ್ಯಾಲೆಂಡರನ್ನೇ ತೋರಿಸಿ. ವಾಪಸ್ ಬರುವ ದಿನ, ಪ್ರಾಕ್ಟಿಕಲ್, ಥಿಯರಿ, ನಡುವೆ ಎಷ್ಟು ದಿನ, ಎಲ್ಲ ಎದುರಿಗಿಟ್ಟರೆ ಮಾತು ಸುಲಭ. ಇನ್ನೊಂದು, ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸೋದು. ಸಂಸ್ಥೆಯಿಂದ ಬಂದ ಆಯ್ಕೆ ಪತ್ರ, ಹಾಸ್ಟೆಲಿನ ವಿವರ, ಅಲ್ಲಿಯ ಸಂಯೋಜಕರ ಫೋನ್ ನಂಬರ್ ತಂದು ಕೊಡಿ. ಹಿಂದೆ ಹೋಗಿ ಬಂದ ಅಕ್ಕಂದಿರ ಕೈಲಿ ಅಮ್ಮನ ಜೊತೆ ಮಾತಾಡಿಸಿ. ನನ್ನಂಥ ಮೇಷ್ಟ್ರುಗಳ ಮಾತಿಗಿಂತ ಅದು ಬೇಗ ನಾಟುತ್ತದೆ. ಅಷ್ಟಾದರೂ ಒಪ್ಪದಿದ್ದರೆ ನಿಮ್ಮ ಲೆಕ್ಚರರ್ ಹತ್ತಿರ ಒಂದು ಫೋನ್ ಮಾಡಿಸಿ, ನಾವೆಲ್ಲ ಮಾಡುತ್ತೇವೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಬೆಂಗಳೂರಿಗಾದರೆ ಹಾಸನದಿಂದ ಸುಮಾರು 185 ಕಿಲೋಮೀಟರ್. ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಿಂದ ನೇರ ರೈಲಿದೆ. ಚಿಕ್ಕಮಗಳೂರಿಗೂ 2013ರಲ್ಲಿ ಕಡೂರಿನ ಕಡೆಯಿಂದ ರೈಲು ಬಂದಿದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಹೊರರಾಜ್ಯಕ್ಕೆ ಹೋಗಬೇಕಿದ್ದರೆ ರೈಲು ಚಾರ್ಜ್ ವಾಪಸ್ ಕೊಡುತ್ತಾರಾ ಅಂತ ಆಯ್ಕೆ ಪತ್ರದಲ್ಲಿ ನೋಡಿ, ಟಿಕೆಟನ್ನು ಜೋಪಾನವಾಗಿಡಿ.

ಹೋಗೋದು ಅಂತ ತೀರ್ಮಾನಿಸಿದರೆ

ಹೊರಡುವ ಮೊದಲು ಎರಡು ಪೇಪರನ್ನಾದರೂ ಪೂರ್ತಿ ಮುಗಿಸಿಡಿ, ನಿಮಗೆ ಕಷ್ಟ ಅನ್ನಿಸುವ ಎರಡನ್ನು. ರೆಕಾರ್ಡ್ ಬರೆದು ಸಹಿ ಹಾಕಿಸಿಬಿಡಿ. ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ ಮನೆಯಲ್ಲಿಟ್ಟು ಹೋಗಿ, ನಿಮ್ಮ ಸ್ಕೀಮಿನದೇನಾ ಅಂತ ನೋಡಿಕೊಂಡು. ಹಾಲ್ ಟಿಕೆಟ್, ಪರೀಕ್ಷಾ ಫೀಸಿನ ಕೊನೆ ದಿನ ನೀವು ಇಲ್ಲದಾಗ ಬರಬಹುದು, ಕ್ಲಾಸಿನ ಒಬ್ಬರಿಗೆ ಜವಾಬ್ದಾರಿ ಕೊಟ್ಟು ಹೋಗಿ. ಪ್ರಾಂಶುಪಾಲರಿಗೆ ಆಯ್ಕೆ ಪತ್ರ ಲಗತ್ತಿಸಿ ಒಂದು ಅರ್ಜಿ ಕೊಡಿ, ಬಾಯಿಮಾತಿನಲ್ಲಿ ಹೇಳಿ ಹೋದರೆ ಹಾಜರಾತಿ ಲೆಕ್ಕ ಹಾಕುವ ದಿನ ಯಾರಿಗೂ ನೆನಪಿರುವುದಿಲ್ಲ.

ವಾಪಸ್ ಬಂದ ಮೇಲೆ ಒಂದೆರಡು ದಿನ ನಿದ್ದೆ ಮಾಡಿ. ಆಮೇಲೆ ಸ್ಕೂಲಿನ ನೋಟ್ಸ್ ಕಟ್ಟಿ ಮೇಲಿಟ್ಟುಬಿಡಿ, ಪರೀಕ್ಷೆ ಮುಗಿಯುವವರೆಗೆ ತೆಗೆಯಬೇಡಿ. ಇದು ಕಷ್ಟ, ಯಾಕೆಂದರೆ ಅದರ ಮುಂದೆ ಸಿಲಬಸ್ ಸಪ್ಪೆ ಅನ್ನಿಸುತ್ತದೆ. ಆದರೂ ಆ ಮೂರು ವಾರ ಪೂರ್ತಿ ಪರೀಕ್ಷೆಗೆ ಕೊಡಿ.

ಈಗ ಮೊದಲ, ಎರಡನೇ ವರ್ಷದಲ್ಲಿರುವವರಿಗೆ ಒಂದು ಮಾತು. ಈ ಗೊಂದಲವೇ ಬೇಡ ಅಂದರೆ ನೀವು ಈ ವರ್ಷವೇ ಅರ್ಜಿ ಹಾಕಿ. ನಾಲ್ಕನೇ ಸೆಮ್ ಪರೀಕ್ಷೆಯೂ ಅದೇ ಹೊತ್ತಿಗೆ ಬರಬಹುದು, ಆದರೆ ಅಲ್ಲಿ ಏರುಪೇರಾದರೆ ಸರಿಮಾಡಿಕೊಳ್ಳಲು ಇನ್ನೂ ಒಂದು ವರ್ಷ ಇರುತ್ತದೆ, ಕಲಿತದ್ದು ಫೆಬ್ರವರಿಯ ಜಾಮ್‌ಗೂ ಆಗುತ್ತದೆ. ಬೇಸಿಗೆಯದು ತಾನೆ ಅಂತ ಏಪ್ರಿಲ್‌ವರೆಗೆ ಕಾಯಬೇಡಿ, ಅಕಾಡೆಮಿಗಳ ಫೆಲೋಶಿಪ್ಪಿಗೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್ ಹೊತ್ತಿಗೇ ಅರ್ಜಿ ಕರೆಯುತ್ತಾರೆ. ಶಿಫಾರಸು ಪತ್ರ ಬೇಕಾಗುತ್ತದೆ. ಕೊನೇ ದಿನ ಸಂಜೆ ಸ್ಟಾಫ್ ರೂಮಿಗೆ ಓಡಿ ಬಂದರೆ ನಾವು ಬರೆಯೋದು ನಾಲ್ಕು ಒಣ ಸಾಲು. ಎರಡು ವಾರ ಮೊದಲೇ ಬನ್ನಿ. ಅಂಕಪಟ್ಟಿಯ ಜೆರಾಕ್ಸ್, ಯಾವ ಸ್ಕೂಲು, ಯಾಕೆ ಅದೇ, ಪಾಠದಲ್ಲಿ ಯಾವ ವಿಷಯ ನಿಮ್ಮನ್ನು ಹಿಡಿದು ಕೂರಿಸಿತು ಅನ್ನೋದನ್ನು ಒಂದು ಪುಟ ಬರೆದು ತನ್ನಿ, ಕನ್ನಡದಲ್ಲೇ ಬರೆದರೂ ಸರಿ, ಅದನ್ನು ಓದಿಕೊಂಡು ನಾವು ಪತ್ರ ಬರೆಯುತ್ತೇವೆ.